ಮೊಣಕಾಲಿಗೆ ಸೂಜಿ ಮಾಡಿಸುವ ಮುಂಚೆ ಔಷಧಿಯ ಹೆಸರು ಬರೆಸಿಕೊಳ್ಳಿ

ಮನೆಯಲ್ಲಿ ಯಾರಾದರೂ ಮೊಣಕಾಲು ನೋವಿಗೆ ಸೂಜಿ ಮಾಡಿಸಲು ಹೊರಟಿದ್ದರೆ ಮೊದಲು ಒಂದು ಮಾತು ಕೇಳಿ. ಒಳಗೆ ಹೋಗುವ ಔಷಧಿಯ ಹೆಸರೇನು? ಚೀಟಿಯಲ್ಲಿ ಬರೆದು ಕೊಡುತ್ತಾರಾ? ಇಲ್ಲ ಅಂದರೆ ಎದ್ದು ಬನ್ನಿ.

ನಮ್ಮ ಅವ್ವನಿಗೆ ಅರವತ್ತು ದಾಟಿದೆ, ಶುಗರ್ ಇದೆ. ಜೇವರ್ಗಿ ಕಡೆ ಹೊಲದಲ್ಲಿ ದುಡಿದ ಕಾಲು, ಸವೆದಿದೆ. ಕಲಬುರಗಿಯಲ್ಲಿ "ಆಪರೇಷನ್ ಇಲ್ಲದೆ ಮೊಣಕಾಲು ಗುಣ" ಅಂತ ಬೋರ್ಡ್ ಹಾಕಿದ ಒಂದು ಕ್ಲಿನಿಕ್ ಇದೆ, ಹೆಸರು ಬೇಡ. ಬೀಗರೊಬ್ಬರು ಹೇಳಿದರು ಅಂತ ಹೋದೆವು. "ಇಂಪೋರ್ಟೆಡ್ ಸೂಜಿ ಅದ ಅಮ್ಮ, ಕೀಲಿಗೆ ಎಣ್ಣಿ ಬಿಟ್ಟಂಗ ಆಗ್ತದ" ಅಂದರು. ಯಾವ ಸೂಜಿ ಅಂತ ಕೇಳಿದೆ. "ಹೆಸರು ತಿಳ್ಕೊಂಡು ಏನ್ ಮಾಡ್ತೀರಿ ಸರ, ನೋವು ಹೋದ್ರ ಸಾಕಲ್ಲ?" ಬಿಲ್ಲಿನಲ್ಲಿ ಬರೆದದ್ದು "ಜಾಯಿಂಟ್ ಪ್ಯಾಕೇಜ್" ಅಂತ ಮಾತ್ರ.

ನೋವು ಹೋಯಿತು, ನಿಜ. ಅವ್ವ ಮೆಟ್ಟಿಲು ಹತ್ತಿ ಮಾಳಿಗೆಗೆ ಹೋಗಿ ಹಪ್ಪಳ ಹಾಕಿದಳು. ಹಾಗಾಗಿಯೇ ನೋವು ತಿರುಗಿ ಬಂದಾಗ ಅವಳೇ ಹಟ ಮಾಡಿ ಮತ್ತೆ ಅಲ್ಲಿಗೇ ಹೋದಳು. ಆಮೇಲೆ ಇನ್ನೊಮ್ಮೆ. ಪ್ರತಿ ಸಲವೂ ಆರಾಮ ಮೊದಲಿಗಿಂತ ಕಡಿಮೆ ದಿನ ಉಳಿಯಿತು. ಕೊನೆಯ ಸೂಜಿ ಆದಮೇಲೆ ಬಾಯಿ ಒಣಗಲು ಶುರುವಾಯಿತು, ರಾತ್ರಿಯೆಲ್ಲ ಎದ್ದು ಎದ್ದು ಮೂತ್ರಕ್ಕೆ ಹೋಗುತ್ತಿದ್ದಳು. ಶುಗರ್ ನೋಡಿದರೆ 400ರ ಮೇಲೆ.

ನಮ್ಮ ಓಣಿಯ ಡಾಕ್ಟರ್ ನೋಡಿದ ಕೂಡಲೇ ಸ್ಟೆರಾಯ್ಡ್, ಅಂದರೆ ಊತ-ನೋವು ಬೇಗ ತಗ್ಗಿಸುವ ಔಷಧಿ, ಇರಬೇಕು ಅಂದರು. ಕೀಲಿಗೆ ಹಾಕಿದ ಸ್ಟೆರಾಯ್ಡ್ ರಕ್ತಕ್ಕೂ ಸೇರುತ್ತದೆ, ಶುಗರ್ ಇರುವವರಿಗೆ ಕೆಲವು ದಿನ ಸಕ್ಕರೆ ಏರಿಸುತ್ತದೆ. ಮೊದಲೇ ಹೇಳಿದ್ದರೆ ದಿನಾ ಚೆಕ್ ಮಾಡಿ ಗುಳಿಗೆ ಸರಿ ಮಾಡಿಸಿಕೊಳ್ಳುತ್ತಿದ್ದೆವು, ಅಷ್ಟೇ ತಾನೇ?

ದೊಡ್ಡ ಏಟು ಬಿದ್ದದ್ದು ಆಮೇಲೆ. ಸೊಲ್ಲಾಪುರದ ಎಲುಬಿನ ಡಾಕ್ಟರ್ ಎಕ್ಸ್‌ರೇ ನೋಡಿ ಮೊಣಕಾಲು ಬದಲಿಸುವುದೇ ದಾರಿ ಅಂದರು. ಅದರ ಬೆನ್ನಿಗೇ ಕೇಳಿದರು: ಸೂಜಿ ಯಾವುದು, ಯಾವಾಗ ಮಾಡಿಸಿದಿರಿ? ಸ್ಟೆರಾಯ್ಡ್ ಹಾಕಿದ ಕೀಲಿಗೆ ಸಾಮಾನ್ಯವಾಗಿ ಮೂರು ತಿಂಗಳು ಆಪರೇಷನ್ ಮಾಡುವುದಿಲ್ಲ, ಸೋಂಕಿನ ಅಪಾಯ ಜಾಸ್ತಿ. ಹೆಸರು ಕೇಳಲು ಕ್ಲಿನಿಕ್ಕಿಗೆ ಹೋದರೆ "ಅದು ನಮ್ಮ ಫಾರ್ಮುಲಾ" ಅಂತ ಕೈತೊಳೆದುಕೊಂಡರು. ಗೊತ್ತಿಲ್ಲದ ಔಷಧಿಯನ್ನು ಸ್ಟೆರಾಯ್ಡ್ ಅಂತಲೇ ಹಿಡಿಯಬೇಕಾಯಿತು. ಆಪರೇಷನ್ ಮುಂದೆ ಹೋಯಿತು. ತೊಗರಿ ರಾಶಿ ಮುಗಿಯುವ ತನಕ ಅವ್ವ ವಾಕರ್ ಹಿಡಿದೇ ಓಡಾಡಿದಳು.

ಸ್ಟೆರಾಯ್ಡ್ ವಿಷ ಅಂತ ನಾನು ಹೇಳುತ್ತಿಲ್ಲ. ಸರಿಯಾದ ಡಾಕ್ಟರ್ ನೋಡಿ ಕೊಟ್ಟರೆ ಕೆಲವು ವಾರ ಆರಾಮ ಸಿಗುತ್ತದೆ. ಆದರೆ ಸವೆದದ್ದು ಮತ್ತೆ ಬೆಳೆಯುವುದಿಲ್ಲ. 2017ರಲ್ಲಿ ಅಮೆರಿಕದ ಒಂದು ಅಧ್ಯಯನ ಪ್ರಕಟವಾಯಿತು. ಎರಡು ವರ್ಷ, 12 ವಾರಕ್ಕೊಮ್ಮೆ ಟ್ರಯಾಮ್ಸಿನೋಲೋನ್ ಅನ್ನುವ ಸ್ಟೆರಾಯ್ಡ್ ಹಾಕಿ ನೋಡಿದರು. ಬರೀ ಉಪ್ಪುನೀರು ಹಾಕಿಸಿಕೊಂಡವರಿಗಿಂತ ಇವರ ಕಾರ್ಟಿಲೇಜ್, ಅಂದರೆ ಎಲುಬಿನ ತುದಿಯ ಮೆತ್ತನೆ ಪದರ, ಜಾಸ್ತಿ ಸವೆದಿತ್ತು. ನೋವಿನಲ್ಲಿ ಹೇಳಿಕೊಳ್ಳುವಂಥ ವ್ಯತ್ಯಾಸ ಇರಲಿಲ್ಲ.

ಪಿಆರ್‌ಪಿ ಅಂತ ಇನ್ನೊಂದಿದೆ. ನಮ್ಮದೇ ರಕ್ತ ತೆಗೆದು, ಮಷಿನ್‌ನಲ್ಲಿ ತಿರುಗಿಸಿ, ಪ್ಲೇಟ್‌ಲೆಟ್ ಜಾಸ್ತಿ ಇರುವ ಭಾಗವನ್ನು ಕೀಲಿಗೆ ಹಾಕುತ್ತಾರೆ. ಆಸ್ಟ್ರೇಲಿಯಾದಲ್ಲಿ 288 ಜನರ ಮೇಲೆ ನಡೆದ, 2021ರಲ್ಲಿ ಹೊರಬಂದ ಪರೀಕ್ಷೆಯಲ್ಲಿ ಅದೂ ಒಂದು ವರ್ಷದ ನಂತರ ಉಪ್ಪುನೀರಿಗಿಂತ ಮೇಲೇನೂ ಕಾಣಲಿಲ್ಲ. ಸ್ಟೆಮ್ ಸೆಲ್, ಅಂದರೆ ಬೇರೆ ಬೇರೆ ಜೀವಕೋಶವಾಗಿ ಬೆಳೆಯಬಲ್ಲ ಮೂಲ ಕೋಶ, ಹಾಕುತ್ತೇವೆ ಅಂದರಂತೂ ದುಡ್ಡು ಕೊಡಲೇಬೇಡಿ. ಐಸಿಎಂಆರ್, ಅಂದರೆ ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿಯ 2017ರ ಮಾರ್ಗಸೂಚಿ ಪ್ರಕಾರ ಮೊಣಕಾಲಿಗೆ ಅದನ್ನು ಅನುಮತಿ ಪಡೆದ ಪ್ರಯೋಗದಲ್ಲಿ ಮಾತ್ರ ಬಳಸಬಹುದು.

ಹಳ್ಳಿಗಳಲ್ಲಿ ಕುಂಡಿಗೆ ಹಾಕುವ "ನೋವಿನ ಸೂಜಿ" ಬೇರೆಯೇ ಕಥೆ. ಎಷ್ಟೋ ಸಲ ಅದರಲ್ಲಿ ಡೆಕ್ಸಾಮೆಥಾಸೋನ್ ಇರುತ್ತದೆ, ಅದೂ ಸ್ಟೆರಾಯ್ಡೇ. ಮೇಲಿಂದ ಮೇಲೆ ಹಾಕಿಸಿಕೊಂಡರೆ ಮುಖ ಊದುತ್ತದೆ, ಎಲುಬು ಟೊಳ್ಳಾಗುತ್ತದೆ. ಬಹಳ ದಿನದಿಂದ ಹಾಕಿಸಿಕೊಳ್ಳುತ್ತಿದ್ದವರು ಒಮ್ಮೆಲೇ ಬಿಡುವುದೂ ಅಪಾಯ. ಡಾಕ್ಟರಿಗೆ ತೋರಿಸಿ ನಿಧಾನಕ್ಕೆ ಬಿಡಿ.

ಇನ್ನು ಕ್ಲಿನಿಕ್ ವಿಷಯ. ಕರ್ನಾಟಕದಲ್ಲಿ ಪ್ರತಿ ಖಾಸಗಿ ಕ್ಲಿನಿಕ್ಕಿಗೂ ಕೆಪಿಎಂಇ, ಅಂದರೆ ಕರ್ನಾಟಕ ಖಾಸಗಿ ವೈದ್ಯಕೀಯ ಸಂಸ್ಥೆಗಳ ಕಾಯ್ದೆಯಡಿ ನೋಂದಣಿ ಬೇಕು. ಗೋಡೆಯ ಮೇಲೆ ನೋಂದಣಿ ಸಂಖ್ಯೆ ಇದೆಯಾ ನೋಡಿ. ಇಲ್ಲದಿದ್ದರೆ, ಅಥವಾ ದಾಖಲೆ ಕೊಡದಿದ್ದರೆ, ಜಿಲ್ಲಾ ಆರೋಗ್ಯಾಧಿಕಾರಿಗೆ ಬರೆದು ಕೊಡಿ. ನಾವೂ ಕೊಟ್ಟಿದ್ದೇವೆ. "ನೋಡ್ತೀವಿ" ಅಂದಿದ್ದಾರೆ.

ಈಗಾಗಲೇ ಸೂಜಿ ಮಾಡಿಸಿಕೊಂಡವರಿಗೆ: ಬಿಲ್ಲು, ಖಾಲಿ ಸೀಸೆಯ ಫೋಟೋ, ತಾರೀಖು ಎಲ್ಲಾ ಇಟ್ಟುಕೊಳ್ಳಿ. ಕೀಲು ಕೆಂಪಾಗಿ ಊದಿಕೊಂಡು, ಜ್ವರ ಬಂದು, ಕಾಲು ಮಡಚಲು ಆಗದಿದ್ದರೆ ಕೀಲಿನೊಳಗೆ ಕೀವು ಆಗಿರಬಹುದು. ಆಗ ಸೂಜಿ ಹಾಕಿದವರಿಗೆ ಫೋನ್ ಮಾಡುತ್ತಾ ಕೂರಬೇಡಿ, ಅವತ್ತೇ ದೊಡ್ಡ ಆಸ್ಪತ್ರೆಯ ಎಲುಬಿನ ವಿಭಾಗಕ್ಕೆ ಕರೆದುಕೊಂಡು ಹೋಗಿ.