ಮೂರು ಮಳೆಗಾಲ ಕಂಡ ವಾಲ್ವ್ ಮೈಕ್: ಯು67 ಮಾದರಿಯ ಕಿಟ್ ಬಳಸಿದ ಅನುಭವ

ಚಿಕ್ಕಮಗಳೂರಿನ ನಮ್ಮ ಮನೆಯ ಮಹಡಿಯ ಕೋಣೆಯಲ್ಲಿ ಸುಗಮ ಸಂಗೀತ, ಗಮಕ ಮತ್ತು ಹಳ್ಳಿಯ ಹಾಡುಗಳನ್ನು ಧ್ವನಿಮುದ್ರಿಸುವ ಕೆಲಸಕ್ಕೆ ನಾನು ಈ ಮೈಕನ್ನು ಬಳಸತೊಡಗಿ ಮೂರು ವರ್ಷಗಳು ಕಳೆದಿವೆ. ಜರ್ಮನಿಯ ಮೈಕ್ ತಯಾರಕರಾದ ನೊಯ್‌ಮಾನ್ ಸಂಸ್ಥೆಯು 1960ರಲ್ಲಿ ಹೊರತಂದ ಯು67 ಮೈಕಿನ ಸರ್ಕಿಟ್ಟನ್ನು ಅನುಸರಿಸಿ ಹೊರದೇಶದ ಸಣ್ಣ ತಯಾರಕರೊಬ್ಬರು ಬಿಡಿಭಾಗಗಳಾಗಿ ಮಾರುವ ಕಿಟ್ ಇದು. ಹಿತ್ತಾಳೆಯ ಕವಚ, ಜಾಲರಿ, ದನಿಯನ್ನು ಹಿಡಿಯುವ ಕ್ಯಾಪ್ಸೂಲ್, ಸರ್ಕಿಟ್ ಬೋರ್ಡ್, ಔಟ್‌ಪುಟ್ ಟ್ರಾನ್ಸ್‌ಫಾರ್ಮರ್, ಒಂದು ಇಎಫ್86 ವಾಲ್ವ್ (ಸಂಕೇತವನ್ನು ಹಿಗ್ಗಿಸುವ ಗಾಜಿನ ನಿರ್ವಾತ ಕೊಳವೆ), ಪ್ರತ್ಯೇಕ ಪವರ್ ಸಪ್ಲೈ ಪೆಟ್ಟಿಗೆ ಮತ್ತು ಏಳು ಪಿನ್ನಿನ ಕೇಬಲ್ ಬರುತ್ತವೆ. ಬೆಸುಗೆ ಹಾಕುವುದು ನಮ್ಮ ಪಾಲು. ಹಳೆಯ ಮೂಲ ಯು67 ಕೊಳ್ಳಬೇಕೆಂದರೆ ಹಲವು ಲಕ್ಷ ರೂಪಾಯಿ ಬೇಕು. ಕಸ್ಟಮ್ಸ್ ಸುಂಕ ಸೇರಿದರೂ ಈ ಕಿಟ್ಟಿಗೆ ಅದರ ಸಣ್ಣದೊಂದು ಪಾಲು ಮಾತ್ರ ಖರ್ಚಾಯಿತು.

ನೊಯ್‌ಮಾನ್‌ನದೇ ಹೆಚ್ಚು ಹೆಸರುವಾಸಿಯಾದ ಯು47 ಮಾದರಿಯನ್ನು ಬಿಟ್ಟು ಇದನ್ನೇ ಆರಿಸಿಕೊಂಡದ್ದಕ್ಕೆ ಕಾರಣವಿದೆ. 1949ರ ಯು47 ನಿಂತಿದ್ದುದು ವಿಎಫ್14 ಎಂಬ ವಾಲ್ವಿನ ಮೇಲೆ. ಜರ್ಮನಿಯ ಟೆಲಿಫುಂಕೆನ್ ಕಂಪನಿ ಅದರ ತಯಾರಿಕೆಯನ್ನು ನಿಲ್ಲಿಸಿದ್ದರಿಂದ ಇಂದಿನ ಕಿಟ್‌ಗಳು ಬದಲಿ ವಾಲ್ವುಗಳನ್ನೇ ಹಾಕಬೇಕಾಗುತ್ತದೆ. ಯು67 ರೂಪುಗೊಂಡದ್ದೇ ಇಎಫ್86 ಸುತ್ತ, ಮತ್ತು ಆ ವಾಲ್ವ್ ಇಂದಿಗೂ ಹೊಸದಾಗಿ ತಯಾರಾಗುತ್ತಿದೆ. ಇನ್ನೊಂದು ಸಂಗತಿ ನನಗೆ ಹೆಚ್ಚು ಮುಖ್ಯವೆನಿಸಿತು. ಯು67ರಲ್ಲಿರುವ ಕೆ67 ಬಗೆಯ ಕ್ಯಾಪ್ಸೂಲಿನಲ್ಲಿ ತಾರಸ್ಥಾಯಿಯ ಕಂಪನಗಳು ತುಸು ಎದ್ದು ಕೇಳಿಸುತ್ತವೆ. ಮೂಲ ಸರ್ಕಿಟ್ಟಿನಲ್ಲಿ ಔಟ್‌ಪುಟ್‌ನಿಂದ ಒಂದಿಷ್ಟು ಸಂಕೇತವನ್ನು ಹಿಂದಿರುಗಿಸಿ ಆ ಉಬ್ಬನ್ನು ಸಮಮಾಡುತ್ತಾರೆ, ಜೊತೆಗೆ ವಾಲ್ವಿನ ಹಿಸ್ಸೆನ್ನುವ ಸದ್ದೂ ಅಷ್ಟು ತಗ್ಗುತ್ತದೆ. ಅಗ್ಗದ ಅನೇಕ ಮೈಕುಗಳು ಇದೇ ಬಗೆಯ ಕ್ಯಾಪ್ಸೂಲ್ ಇಟ್ಟುಕೊಂಡು ಈ ಸಮತೋಲನದ ಭಾಗವನ್ನು ಕೈಬಿಟ್ಟಿರುತ್ತವೆ. ಅಂಥದೊಂದನ್ನು ನಾನು ನಾಲ್ಕು ವರ್ಷ ಬಳಸಿದ್ದೆ. ಅದರಲ್ಲಿ ಸಕಾರ, ಶಕಾರ, ಚಕಾರಗಳು ಕಿವಿಯನ್ನು ಚುಚ್ಚುತ್ತಿದ್ದವು.

ಜೋಡಣೆಗೆ ಹನ್ನೊಂದು ಸಂಜೆಗಳು ಹಿಡಿದವು. ಕೈಪಿಡಿಯಲ್ಲಿ ಚಿತ್ರಗಳು ಸ್ಪಷ್ಟವಾಗಿವೆ, ಆದರೆ ನನಗೆ ಬಂದ ಟ್ರಾನ್ಸ್‌ಫಾರ್ಮರಿನ ತಂತಿಗಳ ಬಣ್ಣ ಚಿತ್ರದಲ್ಲಿ ತೋರಿಸಿದ ಬಣ್ಣಕ್ಕೆ ಹೊಂದುತ್ತಿರಲಿಲ್ಲ. ಅಂದಾಜಿನ ಮೇಲೆ ಬೆಸೆದೆ. ಮೊದಲ ಬಾರಿ ಸ್ವಿಚ್ ಹಾಕಿದಾಗ ಹೆಡ್‌ಫೋನಿನಲ್ಲಿ ಕೇಳಿದ್ದು ತಾಳಲಾಗದಂಥ ಕೀರಲು ಶಿಳ್ಳೆ. ಟ್ರಾನ್ಸ್‌ಫಾರ್ಮರಿನಲ್ಲಿ ಸಂಕೇತವನ್ನು ಹಿಂದಿರುಗಿಸುವ ಮೂರನೆಯ ತಂತಿಸುತ್ತಿನ ಎರಡು ತುದಿಗಳು ಅದಲುಬದಲಾಗಿದ್ದವು. ತಗ್ಗಿಸಬೇಕಾದ ಸಂಕೇತ ಒಂದಕ್ಕೊಂದು ಸೇರಿ ಏರುತ್ತಿತ್ತು. ಆ ಎರಡು ತಂತಿಗಳನ್ನು ತಿರುಗಿಸಿ ಬೆಸೆದೊಡನೆ ಶಿಳ್ಳೆ ನಿಂತಿತು. ತಯಾರಕರಿಗೆ ಬರೆದಾಗ ತಿದ್ದಿದ ಚಿತ್ರವನ್ನು ಕಳುಹಿಸಿದರು, ಆದರೆ ಇಷ್ಟು ಹಣ ಪಡೆಯುವವರು ಅದನ್ನು ಪೆಟ್ಟಿಗೆಯೊಳಗೇ ಇಡಬೇಕಿತ್ತು.

ಒಂದು ಎಚ್ಚರಿಕೆಯನ್ನು ಇಲ್ಲಿ ಹೇಳಲೇಬೇಕು. ಈ ಮೈಕಿಗೆ ಇನ್ನೂರು ವೋಲ್ಟಿಗೂ ಮೀರಿದ ಡಿಸಿ ವಿದ್ಯುತ್ ಬೇಕು, ಮತ್ತು ಪವರ್ ಸಪ್ಲೈಯ ಕೆಪಾಸಿಟರುಗಳು ಪ್ಲಗ್ ಕಿತ್ತ ಮೇಲೂ ಅದನ್ನು ಹಿಡಿದಿಟ್ಟುಕೊಂಡಿರುತ್ತವೆ. ಮೀಟರ್ ಹಿಡಿದು ವೋಲ್ಟೇಜ್ ಇಳಿದಿದೆಯೆಂದು ಕಣ್ಣಾರೆ ನೋಡದೆ ಒಳಗೆ ಬೆರಳು ಹಾಕಬಾರದು. ವಾಲ್ವಿನ ಹೀಟರಿಗೆ ಬೇಕಾದ 6.3 ವೋಲ್ಟನ್ನು ಮೈಕ್ ಜೋಡಿಸಿದ ಸ್ಥಿತಿಯಲ್ಲೇ ಹೊಂದಿಸಬೇಕು. ಮೈಕ್ ಇಲ್ಲದಾಗ ಮೀಟರ್ ತೋರಿಸುವ ಅಂಕಿ ಹೆಚ್ಚಿರುತ್ತದೆ.

ನಿಜವಾದ ಪರೀಕ್ಷೆ ನಡೆದದ್ದು ಜುಲೈ ತಿಂಗಳಲ್ಲಿ. ಬೇಸಿಗೆಯುದ್ದಕ್ಕೂ ಚೆನ್ನಾಗಿದ್ದ ಮೈಕು, ಮಳೆ ಹಿಡಿದು ವಾರವಾಗುತ್ತಿದ್ದಂತೆ ಒಗ್ಗರಣೆಗೆ ಸಾಸಿವೆ ಸಿಡಿದ ಹಾಗೆ ಚಟಪಟ ಎನ್ನತೊಡಗಿತು. ವಾಲ್ವ್ ಕೆಟ್ಟಿದೆಯೆಂದು ಹೊಸದನ್ನು ಹಾಕಿದರೂ ಸದ್ದು ಹೋಗಲಿಲ್ಲ. ಕಾರಣ ಬೇರೆಯೇ ಇತ್ತು. ಕ್ಯಾಪ್ಸೂಲಿನ ಕೆಪಾಸಿಟೆನ್ಸ್, ಅಂದರೆ ವಿದ್ಯುತ್ತನ್ನು ಹಿಡಿದಿಡುವ ಶಕ್ತಿ, ಕೆಲವೇ ಹತ್ತು ಪಿಕೊಫ್ಯಾರಡ್‌ಗಳಷ್ಟು ಮಾತ್ರ. ಅಷ್ಟು ಅಲ್ಪ ಮೂಲದಿಂದ ಮಂದ್ರದ ಸ್ವರಗಳೂ ಉಳಿದು ಬರಬೇಕಾದರೆ ವಾಲ್ವಿನ ಗ್ರಿಡ್ಡಿಗೆ (ಕ್ಯಾಪ್ಸೂಲಿನ ಸಂಕೇತ ಒಳಬರುವ ತುದಿಗೆ) ನೂರಾರು ಮೆಗಾಓಮಿನ ರೆಸಿಸ್ಟರ್ ಇರಬೇಕು. ಆ ಜಾಗದಲ್ಲಿ ಬೆರಳಿನ ಜಿಡ್ಡೋ ಬೆಸುಗೆ ಹಿಡಿಯಲು ನೆರವಾಗುವ ಫ್ಲಕ್ಸ್ ಎಂಬ ಅಂಟೋ ಉಳಿದಿದ್ದರೆ ಅದು ತೇವ ಹೀರಿಕೊಂಡು ವಿದ್ಯುತ್ತಿಗೆ ಅಡ್ಡದಾರಿ ತೆರೆಯುತ್ತದೆ. ಭೂತಗನ್ನಡಿ ಹಿಡಿದು ನೋಡಿದಾಗ ಗ್ರಿಡ್ಡಿನ ತಂತಿ ಬೆಸೆದ ಬುಡದಲ್ಲಿ ರಾಗಿ ಕಾಳಿನ ಗಾತ್ರದ, ಜೇನಿನ ಬಣ್ಣದ ಅಂಟು ಕಂಡಿತು. ಐಸೊಪ್ರೊಪೈಲ್ ಆಲ್ಕೊಹಾಲಿನಲ್ಲಿ ಅದ್ದಿದ ಬ್ರಶ್ಶಿನಿಂದ ಮೂರು ಬಾರಿ ತೊಳೆದು, ಕ್ಯಾಪ್ಸೂಲನ್ನು ಬೇರೆ ತೆಗೆದಿಟ್ಟು, ಹೇರ್ ಡ್ರೈಯರಿನ ಹದವಾದ ಬಿಸಿಗಾಳಿಯಲ್ಲಿ ಒಣಗಿಸಿದೆ. ಚಟಪಟ ಸದ್ದು ಅಂದೇ ನಿಂತಿತು. ಆಮೇಲಿನ ಎರಡು ಮಳೆಗಾಲಗಳಲ್ಲಿ ಮರಳಿ ಬಂದಿಲ್ಲ. ಈ ತೊಳೆಯುವ ಕೆಲಸಕ್ಕೆ ಕೈಪಿಡಿಯಲ್ಲಿ ಒಂದೇ ಸಾಲು ಇದೆ. ಮಲೆನಾಡಿನವರು ಅದನ್ನು ಇಡೀ ಕೆಲಸದ ಅರ್ಧಭಾಗವೆಂದೇ ತಿಳಿಯುವುದು ಒಳ್ಳೆಯದು. ಈಗ ಜೂನ್‌ನಿಂದ ಅಕ್ಟೋಬರ್‌ವರೆಗೆ ಮೈಕನ್ನು ಬಿಗಿ ಮುಚ್ಚಳದ ಸ್ಟೀಲ್ ಡಬ್ಬಿಯಲ್ಲಿ ಸಿಲಿಕಾ ಜೆಲ್ ಜೊತೆ ಇಡುತ್ತೇನೆ. ನೀಲಿ ಹರಳುಗಳು ಗುಲಾಬಿಯಾದಾಗ ಬಿಸಿಮಾಡಿ ಮತ್ತೆ ನೀಲಿಗೆ ತರುತ್ತೇನೆ. ಧ್ವನಿಮುದ್ರಣಕ್ಕೆ ಅರ್ಧ ಗಂಟೆ ಮೊದಲೇ ಸ್ವಿಚ್ ಹಾಕಿ ಕಾಯುತ್ತೇನೆ.

ಗುನುಗು ಸದ್ದಿನ ತೊಂದರೆ ಎರಡು ಕಡೆಯಿಂದ ಬಂತು. ಜಾಲರಿಯ ಅಂಚಿಗೂ ಬಣ್ಣ ಬಳಿದಿದ್ದರಿಂದ ಅದು ಕವಚಕ್ಕೆ ವಿದ್ಯುತ್ ಸಂಪರ್ಕದಲ್ಲಿರಲಿಲ್ಲ; ಕೂಡುವ ಜಾಗವನ್ನು ಉಪ್ಪುಕಾಗದದಿಂದ ಉಜ್ಜಿದ ಮೇಲೆ ಸರಿಹೋಯಿತು. ಎರಡನೆಯದು ಕರೆಂಟ್ ಹೋದಾಗ ಕೆಲಸ ಮಾಡುವ ನಮ್ಮ ಹಳೆಯ ಸ್ಕ್ವೇರ್ ವೇವ್ ಇನ್ವರ್ಟರ್, ಅದಕ್ಕೆ ಮದ್ದಿಲ್ಲ. ಕರೆಂಟ್ ಬರುವವರೆಗೆ ನಾನು ಧ್ವನಿಮುದ್ರಣ ನಿಲ್ಲಿಸುತ್ತೇನೆ.

ಇನ್ನು ನಾದದ ಮಾತು. ಬೇಲೂರು ಕಡೆಯ ನನ್ನ ಸೋದರತ್ತೆ ಸೋಬಾನೆ ಪದಗಳನ್ನು ಹಾಡುತ್ತಾರೆ. ಅವರಿಗೀಗ ಎಪ್ಪತ್ತು ದಾಟಿದೆ, ದನಿಯಲ್ಲಿ ಸಣ್ಣದೊಂದು ಒಡಕಿದೆ. ಹಳೆಯ ಮೈಕಿನಲ್ಲಿ ಆ ಒಡಕು ಗೀರಿನಂತೆ ಕೇಳುತ್ತಿತ್ತು, ‘ಸೋಬಾನೆ’ ಎಂಬಲ್ಲಿನ ಸಕಾರ ಪ್ರತಿ ಸಲವೂ ಮುಂದೆ ನುಗ್ಗುತ್ತಿತ್ತು. ಈ ಮೈಕನ್ನು ಬಾಯಿಂದ ಒಂದೂವರೆ ಗೇಣು ದೂರದಲ್ಲಿಟ್ಟು ಹಾಡಿಸಿದಾಗ ಸಕಾರ ತನ್ನ ಜಾಗದಲ್ಲಿ ನಿಂತಿತು, ಒಡಕು ದನಿಯ ಒಳಗೇ ಉಳಿಯಿತು, ಸಾಲಿನ ಕೊನೆಯಲ್ಲಿ ಉಸಿರು ಎಳೆದುಕೊಳ್ಳುವುದೂ ಹಾಡಿನ ಭಾಗವಾಗಿಯೇ ಕೇಳಿಸಿತು. ಅತ್ತೆ ಹೆಡ್‌ಫೋನ್ ಹಾಕಿಕೊಂಡು ಕೇಳಿ, “ಇದ್ರಲ್ಲಿ ನನ್ ದನಿ ನಂದೇ ಅನ್ನಂಗೈತೆ ಕಣಪ್ಪ” ಎಂದರು. ಹೇಳುವವರು ಮತ್ತು ಸೊಲ್ಲು ಎತ್ತುವವರು ಎದುರುಬದುರು ಕೂತಾಗ ಮುಂದೆ ಹಿಂದೆ ಎರಡೂ ಕಡೆ ಕೇಳುವ ಎಂಟರ ಆಕಾರದ ವಿನ್ಯಾಸವನ್ನು ಬಳಸುತ್ತೇನೆ. ಪಕ್ಕದ ಕಿಟಕಿಯ ಸದ್ದು ಅದರಲ್ಲಿ ಬಹುಮಟ್ಟಿಗೆ ಬೀಳುವುದಿಲ್ಲ. ಆದರೆ ಮೆಲುದನಿಯ ಕೊಳಲನ್ನು ದೂರದಿಂದ ಹಿಡಿಯುವಾಗ ವಾಲ್ವಿನ ಹಿಸ್ಸೆನ್ನುವ ಸದ್ದು ಕಿವಿಗೆ ಬರುತ್ತದೆ. ಆ ಕೆಲಸಕ್ಕೆ ಟ್ರಾನ್ಸಿಸ್ಟರ್ ಮೈಕೇ ಮೇಲು.

ಎರಡನೆಯ ವರ್ಷದ ಕೊನೆಗೆ ವಾಲ್ವ್ ದಣಿಯಿತು. ಸ್ಟ್ಯಾಂಡಿಗೆ ಪೆನ್ಸಿಲ್ ತಾಗಿದರೂ ಗಂಟೆಯಂತೆ ಕಣಕಣ ಎನ್ನುತ್ತಿತ್ತು. ಹೊಸ ಇಎಫ್86 ಮೂರನ್ನು ತರಿಸಿ ಒಂದೊಂದಾಗಿ ಹಾಕಿ ಕೇಳಿದಾಗ ಮೈಕಿಗೆ ಒಗ್ಗುವಷ್ಟು ನಿಶ್ಶಬ್ದವಾಗಿದ್ದದ್ದು ಒಂದೇ. ಉಳಿದೆರಡು ಆಂಪ್ಲಿಫೈಯರಿಗೆ ಸಾಕು. ಆದ್ದರಿಂದ ಕಿಟ್ಟಿನ ಬೆಲೆಗೆ ಮೂರು ನಾಲ್ಕು ವಾಲ್ವುಗಳ ಬೆಲೆಯನ್ನೂ ಸೇರಿಸಿ ಲೆಕ್ಕ ಹಾಕಿಕೊಳ್ಳಬೇಕು. ಈ ಮೊದಲು ಬೆಸುಗೆ ಹಿಡಿಯದವರು ಇದರಿಂದ ಆರಂಭಿಸಬಾರದು. ಒಂದೆರಡು ಸಣ್ಣ ಪ್ರಿಆಂಪ್ಲಿಫೈಯರ್ ಕಿಟ್‌ಗಳಲ್ಲಿ ಕೈ ಪಳಗಿಸಿಕೊಂಡವರು ಧೈರ್ಯವಾಗಿ ತರಿಸಬಹುದು, ಆದರೆ ಜೋಡಣೆಯನ್ನು ಫೆಬ್ರವರಿ ಮಾರ್ಚ್‌ನ ಒಣ ದಿನಗಳಲ್ಲಿ ಮುಗಿಸಿ, ಗ್ರಿಡ್ಡಿನ ಜಾಗವನ್ನು ತೊಳೆದು, ಆಮೇಲೆ ಕವಚದ ತಿರುಪು ಬಿಗಿಯಬೇಕು.