ಕ್ರೇಟಮ್ ಪುಡಿ: ಐದಕ್ಕೆ ಎರಡು ಸ್ಟಾರ್

ಅಮೆರಿಕದಲ್ಲಿರುವ ತಮ್ಮನ ಮಗ ಈ ಸಲ ತೀರ್ಥಹಳ್ಳಿಗೆ ಬಂದಾಗ ಕ್ರೇಟಮ್ ಪುಡಿ ತಂದಿದ್ದ. ತೋಟದ ಸಂಕದ ಮೇಲೆ ಜಾರಿ ಪಕ್ಕೆಲುಬು ಬಿರುಕು ಬಿಟ್ಟಾಗ ಡಾಕ್ಟರು ನನಗೆ ಟ್ರಮಡಾಲ್ ಅನ್ನೋ, ಅಫೀಮಿನ ಜಾತಿಯ ನೋವಿನ ಮಾತ್ರೆ ಕೊಟ್ಟಿದ್ದು ಅವನಿಗೆ ಗೊತ್ತಿತ್ತು. "ದೊಡ್ಡಪ್ಪ, ಇದು ಬರೀ ಎಲೆ, ಆ ಮಾತ್ರೆಯಷ್ಟೇ ಕೆಲಸ ಮಾಡುತ್ತೆ" ಅಂದ.

ಅಫೀಮೂ ಗಿಡದ್ದೇ ಅಲ್ವಾ? ನಾವು ಪಾಯಸಕ್ಕೆ ಹಾಕುವ ಗಸಗಸೆಯ ಗಿಡ. ಅದರ ಕಾಯಿ ಗೀರಿದರೆ ಬರುವ ಹಾಲಿನಲ್ಲೇ ನೋವು ಅಡಗಿಸುವ ಮಾರ್ಫಿನ್ ಇರುತ್ತದೆ. ಮಧ್ಯಪ್ರದೇಶ, ರಾಜಸ್ಥಾನದಲ್ಲಿ ಲೈಸೆನ್ಸ್ ಪಡೆದು ಬೆಳೆಯುತ್ತಾರೆ. ಕ್ರೇಟಮ್ ಮಾತ್ರ ಥಾಯ್ಲೆಂಡ್, ಮಲೇಷ್ಯಾ ಕಡೆಯ ಮರ, ನಮ್ಮ ಕಾಫಿಯ ಕುಟುಂಬದ್ದು. ಅದರೊಳಗಿನ ಮಿಟ್ರಾಗೈನಿನ್ ಅನ್ನೋ ಅಂಶ, ಮಿದುಳಿನಲ್ಲಿ ಮಾರ್ಫಿನ್ ಹೋಗಿ ಕೂರುವ ಜಾಗದಲ್ಲೇ ಕೂರುತ್ತದೆ, ಆದರೆ ಅಷ್ಟು ಪೂರ್ತಿಯಾಗಿ ಅಲ್ಲ.

ಪೊಟ್ಟಣ ಬಿಡಿಸಿದರೆ ಹಸಿರು ಪುಡಿ, ಒಣ ಹುಲ್ಲಿನ ವಾಸನೆ. ಬಿಸಿನೀರಿಗೆ ಹಾಕಿದರೆ ಕರಗುವುದಿಲ್ಲ, ತಳದಲ್ಲಿ ಚರಟ ಕೂರುತ್ತದೆ. ಕಹಿಯಂತೂ ನೆಲಬೇವಿನ ಕಷಾಯದ ಅಣ್ಣ! ಮಾತ್ರೆ ನಿಲ್ಲಿಸಿ ತುಂಬಾ ದಿನ ಆಗಿತ್ತು, ಚಳಿಗೆ ಪಕ್ಕೆ ಮತ್ತೆ ಹಿಡಿದಿತ್ತು, ಆಗ ಕುಡಿದೆ. ಒಂದು ದಿನ ನೋವು ಸ್ವಲ್ಪ ದೂರ ಹೋದ ಹಾಗಾಯ್ತು. ಇನ್ನೊಂದು ದಿನ ಅಷ್ಟೇ ಪುಡಿಗೆ ಬರೀ ತಲೆಸುತ್ತು, ಓಕರಿಕೆ. ಒಂದು ಚಮಚದಲ್ಲಿ ಮಿಟ್ರಾಗೈನಿನ್ ಎಷ್ಟು ಅಂತ ಪೊಟ್ಟಣ ಹೇಳುವುದಿಲ್ಲ. ನನ್ನ ಮಾತ್ರೆಯಲ್ಲಿ ಟ್ರಮಡಾಲ್ 37.5 ಮಿಲಿಗ್ರಾಂ, ಪ್ಯಾರಾಸಿಟಮಾಲ್ 325 ಅಂತ ಅಚ್ಚು ಹಾಕಿದೆ. ಚೀಟಿ ಇಲ್ಲದೆ ಮೆಡಿಕಲ್ ಶಾಪಿನವರು ಕೊಡುವ ಹಾಗಿಲ್ಲ, ಕೊಟ್ಟರೆ ರಿಜಿಸ್ಟರಿನಲ್ಲಿ ಬರೆದಿಡಬೇಕು. ಕಿರಿಕಿರಿಯೇ, ಆದರೂ ಏನು ನುಂಗುತ್ತಿದ್ದೇನೆ ಅಂತ ಗೊತ್ತಿರುತ್ತದೆ. ಅದೂ ಸಾಚಾ ಅಲ್ಲ ಬಿಡಿ. ಮಲಬದ್ಧತೆ ಹಿಡಿಯಿತು, ಮಧ್ಯಾಹ್ನವಿಡೀ ತೂಕಡಿಕೆ. ಆದರೆ ರಾತ್ರಿ ಮಗ್ಗುಲು ಬದಲಿಸಲು ಆಗಿದ್ದು ಅದರಿಂದಲೇ.

"ಅಷ್ಟೇ ಕೆಲಸ" ಅನ್ನೋದಕ್ಕೆ ಹುಡುಗನ ಹತ್ತಿರ ಇದ್ದ ಆಧಾರ 2020ರ ಮಲೇಷ್ಯಾದ ಒಂದು ಪರೀಕ್ಷೆ. ಅದರಲ್ಲಿದ್ದವರು 26 ಗಂಡಸರು, ಎಲ್ಲರೂ ಮೊದಲೇ ಕ್ರೇಟಮ್ ಕುಡಿದು ಅಭ್ಯಾಸ ಇದ್ದವರು. ನೋವಾಗುವಷ್ಟು ಕೊರೆಯುವ ತಣ್ಣೀರಿನಲ್ಲಿ ಕೈ ಇಟ್ಟರೆ, ಕ್ರೇಟಮ್ ಕುಡಿದ ಮೇಲೆ ಜಾಸ್ತಿ ಹೊತ್ತು ತಡೆದುಕೊಂಡರು. ಹೋಲಿಸಿದ್ದು ಔಷಧ ಇಲ್ಲದ ಸುಮ್ನೆ ಪಾನೀಯಕ್ಕೆ, ಟ್ರಮಡಾಲಿಗೋ ಮಾರ್ಫಿನ್ನಿಗೋ ಅಲ್ಲ. ಅಮೆರಿಕದಲ್ಲಿ ಔಷಧಗಳಿಗೆ ಒಪ್ಪಿಗೆ ಕೊಡುವ ಸರ್ಕಾರಿ ಸಂಸ್ಥೆ ಎಫ್‌ಡಿಎ ಕೂಡ ಇದನ್ನು ಯಾವ ಕಾಯಿಲೆಗೂ ಔಷಧ ಅಂತ ಒಪ್ಪಿಲ್ಲ.

ಒಂದು ಸ್ಟಾರ್ ಸ್ವಲ್ಪ ನೋವು ತಗ್ಗಿದ್ದಕ್ಕೆ, ಇನ್ನೊಂದು ಹುಡುಗನ ಪ್ರೀತಿಗೆ. ಟ್ರಮಡಾಲ್, ನಿದ್ದೆ ಮಾತ್ರೆ ತಗೊಳ್ಳುವವರು, ಸಂಜೆ ಎರಡು ಪೆಗ್ ಹಾಕುವವರು ಇದನ್ನು ಮುಟ್ಟಲೇಬೇಡಿ, ಎರಡೂ ಸೇರಿದರೆ ಉಸಿರಿಗೇ ಅಪಾಯ. ಇದನ್ನೂ ದಿನಾ ಕುಡಿದರೆ ಚಟ ಹಿಡಿಯುತ್ತದೆ, ಬಿಟ್ಟರೆ ಮೈಕೈ ನೋವು, ನಿದ್ದೆ ಇಲ್ಲ. ಉಳಿದ ಪುಡಿಯನ್ನು ಹುಡುಗನ ಬ್ಯಾಗಿಗೇ ವಾಪಸ್ ಹಾಕಿದ್ದೇನೆ.