ಹೆಲ್ಸಿಂಕಿಯ ಚಳಿಗಾಲಕ್ಕೆ ಮೂರು ಬಗೆಯ ಸೈಕಲ್ ಟೈರುಗಳು

ಮನೆಯಿಂದ ಕಚೇರಿಗೆ ಒಂಬತ್ತು ಕಿಲೊಮೀಟರ್ ದೂರವಿದೆ. ಮೂರು ಚಳಿಗಾಲಗಳಲ್ಲಿ ಮೂರು ಬಗೆಯ ಟೈರುಗಳನ್ನು ಹಾಕಿ ಆ ದಾರಿಯನ್ನು ತುಳಿದಿದ್ದೇನೆ. ಈಗ ಮಂಜುಗಡ್ಡೆಯನ್ನು ಕಚ್ಚಿ ಹಿಡಿಯಲು ನಾಲ್ಕು ಸಾಲು ಲೋಹದ ಮೊಳೆಗಳಿರುವ ಟೈರಿನ ಹೊರತು ಬೇರೆ ಯಾವುದಕ್ಕೂ ನಾನು ಹಣ ಹಾಕುವುದಿಲ್ಲ.

ಮೊದಲ ವರ್ಷ ಕೊಂಡದ್ದು ಮೊಳೆಯಿಲ್ಲದ, ಮೃದು ರಬ್ಬರಿನ ಚಳಿಗಾಲದ ಟೈರು. ಹೊಸದಾಗಿ ಬಿದ್ದ ಹಿಮದಲ್ಲಿ ಅದು ಚೆನ್ನಾಗಿಯೇ ಓಡಿತು, ಮಂಜುಗಡ್ಡೆಯ ಮೇಲೆ ಮಾತ್ರ ಅದರಿಂದ ಏನೂ ಪ್ರಯೋಜನವಾಗಲಿಲ್ಲ. ಫಿನ್ಲೆಂಡಿನ ಉತ್ತರದ ಔಲು ನಗರದಿಂದ ಬಂದ ನನ್ನ ಸಹೋದ್ಯೋಗಿಗೆ ಅಂಥ ಟೈರೇ ಸಾಕಾಗುತ್ತಿತ್ತಂತೆ, ಏಕೆಂದರೆ ಅಲ್ಲಿ ತುಳಿದು ಗಟ್ಟಿಯಾದ ಹಿಮ ವಾರಗಟ್ಟಲೆ ಕರಗದೆ ಉಳಿಯುತ್ತದೆ.

ಹೆಲ್ಸಿಂಕಿ ಕಡಲತೀರದ ಊರು. ಇಲ್ಲಿ ತಾಪಮಾನ ಸೊನ್ನೆಯ ಆಚೆ ಈಚೆ ಓಡಾಡುತ್ತಿರುವುದರಿಂದ ಮಧ್ಯಾಹ್ನ ಕರಗಿ ರಾಡಿಯಾದ ಹಿಮದಲ್ಲಿ ಗಾಲಿಗಳ ಜಾಡು ಮೂಡುತ್ತದೆ, ಸಂಜೆಯಾಗುತ್ತಲೇ ಆ ಜಾಡು ಹಾಗೆಯೇ ಹೆಪ್ಪುಗಟ್ಟುತ್ತದೆ. ಧಾರವಾಡದ ಕಡೆ ಎರೆಮಣ್ಣಿನಲ್ಲಿ ಒಣಗಿ ಗಟ್ಟಿಯಾದ ಬಂಡಿ ಜಾಡಿಗೆ ಸೈಕಲ್ಲಿನ ಗಾಲಿ ಬಿದ್ದರೆ ಹೊರಗೆ ಬರುವುದು ಎಷ್ಟು ಕಷ್ಟವೆಂದು ಬಲ್ಲವರು, ಆ ಜಾಡಿನ ತಳ ಗಾಜಿನಷ್ಟು ನುಣುಪಾಗಿರುವುದನ್ನು ಊಹಿಸಿಕೊಳ್ಳಬೇಕು.

ಎರಡನೆಯ ವರ್ಷ ಕೊಂಡ ಎರಡು ಸಾಲಿನ ಟೈರು ನನ್ನನ್ನು ಕಾಡಿದ್ದು ಇಲ್ಲಿಯೇ. ಅದರ ಮೊಳೆಗಳು ಅಂಚಿನಲ್ಲಿದ್ದವು. ಗಾಳಿ ಪೂರ್ತಿ ತುಂಬಿದ್ದರೆ ನಡುವಿನ ರಬ್ಬರು ಮಾತ್ರ ನೆಲಕ್ಕೆ ತಾಗುತ್ತಿತ್ತು, ಗಾಳಿ ಇಳಿಸಿದರಷ್ಟೇ ಮೊಳೆಗಳು ಕಚ್ಚುತ್ತಿದ್ದವು. ಗಾಳಿ ಇಳಿಸಿದ ದಿನ ಒಣ ಡಾಂಬರಿನ ಮೇಲೆ ತುಳಿಯುವುದು ತೀರಾ ಭಾರವಾಗುತ್ತಿತ್ತು. ಹೀಗಾಗಿ ಪ್ರತಿ ಬೆಳಿಗ್ಗೆ ಕಿಟಕಿಯ ಬಳಿ ನಿಂತು ಎಷ್ಟು ಗಾಳಿ ಬೇಕೆಂದು ಲೆಕ್ಕ ಹಾಕುತ್ತಿದ್ದೆ, ಸಂಜೆಯ ಹೊತ್ತಿಗೆ ದಾರಿ ಬದಲಾಗಿರುತ್ತಿದ್ದುದರಿಂದ ಪಂಪನ್ನೂ ಚೀಲದಲ್ಲಿ ಒಯ್ಯುತ್ತಿದ್ದೆ. ಜನವರಿಯ ಒಂದು ಸಂಜೆ, ಗಾಳಿ ಇಳಿಸುವ ತಾಳ್ಮೆಯಿಲ್ಲದೆ ಹೊರಟೆ. ಸೇತುವೆಯ ಇಳಿಜಾರಿನಲ್ಲಿ ಬ್ರೇಕ್ ಹಿಡಿದಾಗ ಮುಂದಿನ ಗಾಲಿ ಜಾಡಿನೊಳಗೆ ಅಡ್ಡಕ್ಕೆ ಜಾರಿತು. ಬಿದ್ದ ಪೆಟ್ಟಿಗೆ ಮೊಣಕೈ ಮೂರು ವಾರ ನೋಯಿತು. ಪೆಟ್ಟಿಗಿಂತ ಹೆಚ್ಚಾಗಿ ಆ ದಿನನಿತ್ಯದ ಲೆಕ್ಕಾಚಾರವೇ ನನ್ನನ್ನು ದಣಿಸಿತ್ತು.

ಈಗ ಹಾಕಿರುವುದು ನಾಲ್ಕು ಸಾಲುಗಳಲ್ಲಿ 240 ಮೊಳೆಗಳಿರುವ, ಹಕ್ಕಪೆಲಿಟ್ಟಾ ಎಂಬ ಹೆಸರಿನ ಟೈರು. ಅದರ ಒಳಸಾಲಿನ ಮೊಳೆಗಳು ನೇರವಾಗಿ ಹೋಗುವಾಗಲೂ ನೆಲವನ್ನು ಹಿಡಿದಿರುತ್ತವೆ, ಗಾಳಿಯನ್ನು ಒಮ್ಮೆ ತುಂಬಿದರೆ ವಾರವಿಡೀ ಮರೆಯಬಹುದು. ಹೊಸದರಲ್ಲಿ ಐವತ್ತು ಕಿಲೊಮೀಟರಿನಷ್ಟು ದೂರ ಡಾಂಬರಿನ ಮೇಲೆ, ಜೋರಾಗಿ ಬ್ರೇಕ್ ಹಿಡಿಯದೆ ಓಡಿಸಿ ಮೊಳೆಗಳು ರಬ್ಬರಿನಲ್ಲಿ ಭದ್ರವಾಗಿ ಕೂರುವಂತೆ ಮಾಡಬೇಕು. ಒಣ ರಸ್ತೆಯಲ್ಲಿ ಸದ್ದು ಜೋರು. ಇಪ್ಪತ್ತೆಂಟು ನಿಮಿಷದ ದಾರಿಗೆ ಈಗ ಮೂವತ್ನಾಲ್ಕು ನಿಮಿಷ ಹಿಡಿಯುತ್ತದೆ. ಮಡ್‌ಗಾರ್ಡಿನ ಕೆಳಗೆ ಸಾಕಷ್ಟು ಜಾಗವಿದೆಯೇ ಎಂದು ಕೊಳ್ಳುವ ಮೊದಲೇ ನೋಡಿಕೊಳ್ಳಬೇಕು.

ಬೆಲೆ ಮೂರರಲ್ಲೂ ಇದರದ್ದೇ ಹೆಚ್ಚು. ಆದರೆ ನವೆಂಬರಿನಲ್ಲಿ ಹಾಕಿ, ಜಾರದಿರಲೆಂದು ರಸ್ತೆಗೆ ಚೆಲ್ಲಿದ ಜಲ್ಲಿಯನ್ನು ಗುಡಿಸಿ ತೆಗೆಯುವ ಏಪ್ರಿಲಿನವರೆಗೆ ದಿನವೂ ತುಳಿಯುವ ನನಗೆ, ಬಸ್ಸಿನ ತಿಂಗಳ ಪಾಸುಗಳಲ್ಲಿ ಉಳಿದ ಹಣದಿಂದಲೇ ಅದರ ಬೆಲೆ ಕೊಂಡ ವರ್ಷದಲ್ಲೇ ತೀರಿತು. ಸದ್ಯಕ್ಕೆ ಒಂದನ್ನೇ ಕೊಳ್ಳಲು ಸಾಧ್ಯವಿರುವವರು ಅದನ್ನು ಮುಂದಿನ ಗಾಲಿಗೆ ಹಾಕಿಕೊಳ್ಳಲಿ. ಹಿಂದಿನ ಗಾಲಿ ಜಾರಿದರೆ ಕಾಲೂರಿ ನಿಲ್ಲಬಹುದು, ಮುಂದಿನದು ಜಾರಿದರೆ ಅಷ್ಟು ಸಮಯ ಸಿಗುವುದಿಲ್ಲ.